1941ರಲ್ಲಿ ಹುಟ್ಟಿದವನಿಗೆ 2025ರಲ್ಲಿ ‘ಸಂಚಿಕೆ 1’: ಅಕ್ವಾಮ್ಯಾನ್ ಮತ್ತೆ ಮತ್ತೆ ಮರಳುವ ಬಗೆ

2025ರ ಜನವರಿಯಲ್ಲಿ ಅಮೆರಿಕದ ಕಾಮಿಕ್ಸ್ ಅಂಗಡಿಗಳಿಗೆ ತೆಳುವಾದ ಹೊಸ ಪುಸ್ತಕವೊಂದು ಬಂತು. ಮುಖಪುಟದಲ್ಲಿ ‘ಅಕ್ವಾಮ್ಯಾನ್’ ಎಂಬ ಹೆಸರು, ಜೊತೆಗೆ 1 ಎಂಬ ಅಂಕಿ. ಬರೆದವರು ಜೆರೆಮಿ ಆ್ಯಡಮ್ಸ್, ಚಿತ್ರ ಬಿಡಿಸಿದವರು ಜಾನ್ ಟಿಮ್ಸ್, ಪ್ರಕಾಶಕರು ಡಿಸಿ ಕಾಮಿಕ್ಸ್. ಆದರೆ ಈ ಕಡಲ ನಾಯಕ ಮೊದಲು ಅಚ್ಚಾದದ್ದು 1941ರ ನವೆಂಬರ್ ಸಂಚಿಕೆಯೊಂದರಲ್ಲಿ. ಎಂಬತ್ಮೂರು ವರ್ಷ ಹಳೆಯ ಪಾತ್ರಕ್ಕೆ ಈಗ ಒಂದನೇ ಸಂಚಿಕೆ ಹೇಗೆ ಬಂತು?

ನಮ್ಮಲ್ಲಿ ಬಹಳ ಮಂದಿಗೆ ಅಕ್ವಾಮ್ಯಾನ್ ಪರಿಚಯವಾದದ್ದು ಸಿನಿಮಾದಿಂದ. 2018ರ ಡಿಸೆಂಬರ್ 14ರಂದು ಭಾರತದ ಚಿತ್ರಮಂದಿರಗಳಿಗೆ ಅದು ಬಂದಾಗ ಅಮೆರಿಕದಲ್ಲಿ ಇನ್ನೂ ಬಿಡುಗಡೆಯಾಗಿರಲಿಲ್ಲ. ಜೇಸನ್ ಮೊಮೋವಾ ಅಭಿನಯದ ಆ ಚಿತ್ರ ಜಗತ್ತಿನಾದ್ಯಂತ 110 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಚಿತ್ರ ನೋಡಿ ಖುಷಿಪಟ್ಟ ಹುಡುಗನೋ ಹುಡುಗಿಯೋ ಕಾಮಿಕ್ಸ್ ಓದಲು ಹೊರಟರೆ ಮೊದಲ ಹೆಜ್ಜೆಯಲ್ಲೇ ದಿಕ್ಕು ತಪ್ಪುತ್ತದೆ. 1962ರಲ್ಲಿ ಒಂದು ‘ಸಂಚಿಕೆ 1’ ಇದೆ. 1991ರಲ್ಲಿ, 1994ರಲ್ಲಿ, 2003ರಲ್ಲಿ, 2011ರಲ್ಲಿ, 2016ರಲ್ಲಿ ಮತ್ತೊಂದು, ಮಗದೊಂದು. ನಡುವೆ ಬಂದ ಕಿರುಮಾಲಿಕೆಗಳನ್ನು ಬಿಟ್ಟು ಎಣಿಸಿದರೂ 2025ರದ್ದು ಏಳನೆಯ ಆರಂಭ. ಯಾವುದು ನಿಜವಾದ ಮೊದಲು, ಯಾವ ಕಥೆ ಲೆಕ್ಕಕ್ಕೆ, ಯಾವುದು ಲೆಕ್ಕಕ್ಕಿಲ್ಲ ಎಂದು ತಿಳಿಯಬೇಕಾದರೆ ಈ ಉದ್ಯಮ ಹಳೆಯ ಪಾತ್ರವನ್ನು ಎಬ್ಬಿಸಿ ಕೂರಿಸುವ ವಿಧಾನವನ್ನು ಅರಿಯಬೇಕು.

ಮೊದಲು ನಾಲ್ಕು ಮಾತು

ಅಮೆರಿಕದ ಕಾಮಿಕ್ಸ್ ಸಂಚಿಕೆಯೊಂದರಲ್ಲಿ ಸಾಮಾನ್ಯವಾಗಿ 20ರಿಂದ 22 ಪುಟಗಳ ಕಥೆ ಇರುತ್ತದೆ. ತಿಂಗಳಿಗೊಂದು ಸಂಚಿಕೆ. ಬರಹಗಾರ ಕಥೆ ಬರೆಯುತ್ತಾನೆ, ಒಬ್ಬರು ಪೆನ್ಸಿಲಿನಲ್ಲಿ ಚಿತ್ರಿಸುತ್ತಾರೆ, ಅದರ ಮೇಲೆ ಶಾಯಿ ಹಾಕುವವರು ಹಲವೊಮ್ಮೆ ಬೇರೆ, ಬಣ್ಣ ತುಂಬುವವರು ಬೇರೆ, ಮಾತಿನ ಗುಳ್ಳೆಗಳಲ್ಲಿ ಅಕ್ಷರ ಜೋಡಿಸುವವರು ಇನ್ನೂ ಬೇರೆ. ಇವರೆಲ್ಲರ ಮೇಲೆ ಸಂಪಾದಕ. ಪಾತ್ರದ ಒಡೆತನ ಮಾತ್ರ ಕಂಪನಿಯದು. ಬರಹಗಾರ ಬರುತ್ತಾನೆ, ಹೋಗುತ್ತಾನೆ, ಪಾತ್ರ ಉಳಿಯುತ್ತದೆ.

ಕರಾವಳಿಯವರಿಗೆ ಇದನ್ನು ತಾಳಮದ್ದಳೆಯ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ಪ್ರಸಂಗದ ಪದ್ಯ ಅದೇ, ಕರ್ಣನೂ ಅವನೇ. ಆದರೆ ಅರ್ಥಧಾರಿ ಬದಲಾದರೆ ಕರ್ಣನ ಮಾತು ಬದಲಾಗುತ್ತದೆ. ನಿನ್ನೆ ಕಾಣದ ನೋವು ಇಂದು ಕಾಣುತ್ತದೆ. ಹಾಗೆಂದು ಯಾವ ಅರ್ಥಧಾರಿಯೂ ಕರ್ಣನನ್ನು ಯುದ್ಧದಲ್ಲಿ ಗೆಲ್ಲಿಸಲಾರ. ಹಿಂದೆ ನಡೆದದ್ದೆಂದು ಎಲ್ಲರೂ ಒಪ್ಪಿಕೊಂಡ ಆ ಚೌಕಟ್ಟಿಗೆ ಕಾಮಿಕ್ಸ್ ಲೋಕದಲ್ಲಿ ‘ಕಂಟಿನ್ಯುಯಿಟಿ’ ಎನ್ನುತ್ತಾರೆ. ಕನ್ನಡದಲ್ಲಿ ಕಥಾಸರಣಿಯ ಪೂರ್ವಾಪರ ಎನ್ನಬಹುದು.

ಈ ಪೂರ್ವಾಪರದ ಜೊತೆ ಹೊಸ ಬರಹಗಾರ ಮೂರು ರೀತಿಯಲ್ಲಿ ವ್ಯವಹರಿಸಬಹುದು. ಅಂಗಡಿಗೆ ಹೊಸ ಬೋರ್ಡು ಹಾಕಿ, ಬಣ್ಣ ಬಳಿದು, ಅದೇ ಮಾಲೀಕನೇ ವ್ಯಾಪಾರ ಮುಂದುವರಿಸಿದರೆ ಅದು ‘ರೀಲಾಂಚ್’: ಹಳೆಯ ಕಥೆ ಹಾಗೆಯೇ ಇರುತ್ತದೆ, ಅಂಕಿ ಮಾತ್ರ ಒಂದರಿಂದ ಆರಂಭ. ಮನೆಯನ್ನು ಕೆಡವಿ, ಅದೇ ನಿವೇಶನದಲ್ಲಿ ಅದೇ ಹೆಸರಿನ ಬೇರೆ ಮನೆ ಕಟ್ಟಿದರೆ ‘ರೀಬೂಟ್’. ಮೂರನೆಯದು ಸೂಕ್ಷ್ಮವಾದದ್ದು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅಜ್ಜನ ಹಳೆಯ ಪತ್ರವೊಂದು ಸಿಗುತ್ತದೆ. ಅದನ್ನು ಓದಿದ ಮೇಲೆ ಮನೆತನದ ಇತಿಹಾಸವೇ ಬೇರೆಯಾಗಿ ಕಾಣುತ್ತದೆ. ಮನೆ ಅದೇ, ಮಂದಿಯೂ ಅವರೇ, ಹಿಂದಿನ ಕಥೆಯ ವಿವರವೋ ಅರ್ಥವೋ ಬದಲಾಗಿದೆ. ಇದು ‘ರೆಟ್‌ಕಾನ್’. ಅಕ್ವಾಮ್ಯಾನ್‌ನನ್ನು ಬದುಕಿಸಿದ್ದು ಬಹುಮಟ್ಟಿಗೆ ಇಂಥದೇ ಒಂದು ಪತ್ರ.

ಕಡಲಿಗೆ ಇಬ್ಬರು

ಕಡಲೊಳಗಿನ ಸೂಪರ್‌ಹೀರೋಗಳಲ್ಲಿ ಹಿರಿಯ ಅಕ್ವಾಮ್ಯಾನ್ ಅಲ್ಲ. ಅವನಿಗಿಂತ ಎರಡು ವರ್ಷ ಮೊದಲು, 1939ರಲ್ಲಿ, ಬಿಲ್ ಎವೆರೆಟ್ ಎಂಬ ಕಲಾವಿದ ನೇಮೋರ್ ಎಂಬ ರಾಜಕುಮಾರನನ್ನು ಸೃಷ್ಟಿಸಿದ. ‘ರೋಮನ್’ ಎಂಬ ಪದದ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದರೆ ಈ ಹೆಸರು ಸಿಗುತ್ತದೆ. ಮುಂದೆ ಮಾರ್ವೆಲ್ ಎಂದು ಹೆಸರಾದ ಕಂಪನಿಯ ಮೊಟ್ಟಮೊದಲ ಕಾಮಿಕ್ಸ್ ಪುಸ್ತಕದಲ್ಲೇ ಅವನಿದ್ದ. ಚೂಪು ಕಿವಿ, ಹಿಮ್ಮಡಿಯಲ್ಲಿ ಪುಟ್ಟ ರೆಕ್ಕೆ, ಮೂಗಿನ ತುದಿಯಲ್ಲಿ ಕೋಪ. ತಂದೆ ನೆಲದ ಹಡಗಿನ ಕಪ್ತಾನ, ತಾಯಿ ಕಡಲ ರಾಜಕುಮಾರಿ. ಅವನು ಮನುಷ್ಯರನ್ನು ಕಾಪಾಡಲು ಬಂದವನಲ್ಲ. ತನ್ನ ಜನರಿಗಾದ ಅನ್ಯಾಯಕ್ಕೆ ಸೇಡು ತೀರಿಸಲು ನ್ಯೂಯಾರ್ಕಿಗೆ ನುಗ್ಗಿದವನು.

ಅಕ್ವಾಮ್ಯಾನ್‌ನನ್ನು ಸೃಷ್ಟಿಸಿದವರು ಸಂಪಾದಕ ಮಾರ್ಟ್ ವೈಸಿಂಗರ್ ಮತ್ತು ಕಲಾವಿದ ಪಾಲ್ ನಾರಿಸ್. ಇವನದು ಸೌಮ್ಯ ಸ್ವಭಾವ. ಮೊದಲ ಕಥೆಯಲ್ಲಿ ಎದುರಾಳಿ ನಾಜಿಗಳ ಸಬ್‌ಮರೀನ್. ತನ್ನ ಶಕ್ತಿ ಎಲ್ಲಿಂದ ಬಂತೆಂದು ಅಲ್ಲಿ ಅವನೇ ಹೇಳಿಕೊಳ್ಳುತ್ತಾನೆ: ತಂದೆ ಹೆಸರಾಂತ ಕಡಲ ಸಂಶೋಧಕ, ಮುಳುಗಿದ ಅಟ್ಲಾಂಟಿಸ್ ನಗರವೆಂದು ಕಂಡ ಅವಶೇಷಗಳನ್ನು ಪತ್ತೆ ಮಾಡಿ ಅಲ್ಲೇ ಮನೆ ಮಾಡಿದ, ಅಲ್ಲಿನ ಪ್ರಾಚೀನ ವಿಜ್ಞಾನವನ್ನು ಓದಿ ಮಗನಿಗೆ ನೀರಿನಲ್ಲಿ ಉಸಿರಾಡುವುದನ್ನು ಕಲಿಸಿದ.

ಅಟ್ಲಾಂಟಿಸ್ ಎಂಬುದು ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ ಸಂವಾದಗಳಲ್ಲಿ ಹೇಳಿದ, ಕಡಲು ನುಂಗಿದ ದ್ವೀಪರಾಜ್ಯ. ನಮಗೆ ದ್ವಾರಕೆ ಇದ್ದ ಹಾಗೆ. ಇಲ್ಲಿ ಗಮನಿಸಬೇಕಾದ್ದು, 1941ರ ಅಕ್ವಾಮ್ಯಾನ್ ಆ ನಗರದ ರಾಜನೂ ಅಲ್ಲ, ಅಲ್ಲಿಯ ರಕ್ತ ಅವನಲ್ಲಿ ಹರಿಯುವುದೂ ಇಲ್ಲ. ಅವನ ಶಕ್ತಿ ಕಲಿತದ್ದು, ಹುಟ್ಟಿನಿಂದ ಬಂದದ್ದಲ್ಲ. ಚೆನ್ನಾಗಿ ಈಜು ಕಲಿತ ಹುಡುಗ, ಅಷ್ಟೇ.

ಕೊನೆಯ ಪುಟಗಳಲ್ಲಿ ಹತ್ತು ವರ್ಷ

ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ ಸೂಪರ್‌ಹೀರೋಗಳ ಮಾರಾಟ ಕುಸಿಯಿತು. ನೇಮೋರ್‌ನ ಮಾಲಿಕೆ 1949ರಲ್ಲಿ ನಿಂತಿತು. 1954ರಲ್ಲಿ ಮತ್ತೆ ಶುರುವಾಗಿ ಮರುವರ್ಷವೇ ಮುಚ್ಚಿತು. ಅಕ್ವಾಮ್ಯಾನ್‌ಗಂತೂ ಸ್ವಂತ ಪುಸ್ತಕವೇ ಇರಲಿಲ್ಲ. ಬೇರೆಯವರ ಪುಸ್ತಕದ ಒಳಪುಟಗಳಲ್ಲಿ ಆರೇಳು ಪುಟದ ಪುಟ್ಟ ಕಥೆಯಾಗಿ ಅವನು ತಿಂಗಳಿನಿಂದ ತಿಂಗಳಿಗೆ ದಾಟುತ್ತಿದ್ದ. ಮದುವೆ ಊಟದ ಕೊನೆಯ ಪಂಕ್ತಿಯಲ್ಲಿ ಜಾಗ ಸಿಕ್ಕವನ ಹಾಗೆ.

ಆ ಪಂಕ್ತಿಯಲ್ಲಿ ಅವನ ಎಲೆಗೆ ಬಡಿಸುತ್ತಾ ನಿಂತವರು ರಮೋನಾ ಫ್ರಾಡನ್. 1951ರಿಂದ 1960ರ ದಶಕದ ಆರಂಭದವರೆಗೆ ಅವನ ಕಥೆಗಳನ್ನು ಚಿತ್ರಿಸಿದ ಕಲಾವಿದೆ. ಆ ಕಾಲದ ಅಮೆರಿಕದಲ್ಲಿ ಸೂಪರ್‌ಹೀರೋ ಕಾಮಿಕ್ಸ್ ಚಿತ್ರಿಸುತ್ತಿದ್ದ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವರ ಅಕ್ವಾಮ್ಯಾನ್ ಅಂದವಾಗಿ ಬಾಚಿದ ಕೂದಲಿನ, ಸದಾ ಹಸನ್ಮುಖಿ ತರುಣ. ಅವರ ಆಕ್ಟೋಪಸ್‌ಗಳಿಗೂ ಮೀನುಗಳಿಗೂ ಒಂದೊಂದು ಮುಖಭಾವ. 2024ರ ಫೆಬ್ರುವರಿಯಲ್ಲಿ, 97ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸ್ವಂತ ಪುಸ್ತಕವಿಲ್ಲದ ಪಾತ್ರವನ್ನು ಹತ್ತು ವರ್ಷ ಜೀವಂತವಾಗಿಟ್ಟದ್ದು ಯಾವ ದೊಡ್ಡ ಪುನರಾರಂಭಕ್ಕೂ ಕಡಿಮೆಯ ಕೆಲಸವಲ್ಲ. ಇತಿಹಾಸ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುವುದು ನನಗೆ ಸರಿಕಾಣುವುದಿಲ್ಲ.

ಅವರೇ ಚಿತ್ರಿಸಿದ 1959ರ ಮೇ ತಿಂಗಳ ಕಥೆಯೊಂದರಲ್ಲಿ ಆ ಪೆಟ್ಟಿಗೆಯ ಪತ್ರ ಹೊರಬಂತು. ಬರೆದವರು ರಾಬರ್ಟ್ ಬರ್ನ್‌ಸ್ಟೀನ್. ಈಗ ತಂದೆ ಸಂಶೋಧಕನಲ್ಲ. ಟಾಮ್ ಕರಿ ಎಂಬ ದೀಪಸ್ತಂಭದ ಕಾವಲುಗಾರ. ಬಿರುಗಾಳಿಯ ಹೊತ್ತಿನಲ್ಲಿ ಅವನಿಗೆ ಒಬ್ಬಳು ಹೆಂಗಸು ಸಿಗುತ್ತಾಳೆ. ಹೆಸರು ಅಟ್ಲಾನಾ. ಮದುವೆಯಾಗುತ್ತದೆ, ಆರ್ಥರ್ ಎಂಬ ಮಗ ಹುಟ್ಟುತ್ತಾನೆ. ಸಾಯುವ ಹೊತ್ತಿನಲ್ಲಿ ಅವಳು ತಾನು ಅಟ್ಲಾಂಟಿಸ್‌ನವಳೆಂಬ ಗುಟ್ಟು ಬಿಚ್ಚಿಡುತ್ತಾಳೆ.

ಕೆಲವೇ ಪುಟಗಳ ಈ ಬದಲಾವಣೆಯಿಂದ ಪಾತ್ರದ ಬುಡವೇ ಬೇರೆಯಾಯಿತು. ಕಲಿತ ವಿದ್ಯೆ ಹೋಗಿ ತಾಯಿಯ ರಕ್ತ ಬಂತು. ದೀಪಸ್ತಂಭ ಎಲ್ಲಿರುತ್ತದೆ? ಕಾಪುವಿನ ಬಂಡೆಯ ಮೇಲೆ ನಿಂತು ನೋಡಿದವರಿಗೆ ಗೊತ್ತು: ಬೆನ್ನ ಹಿಂದೆ ಊರು, ಕಣ್ಣೆದುರು ನೀರು. ಅಪ್ಪನ ಕಡೆ ನೆಲ, ಅಮ್ಮನ ಕಡೆ ಕಡಲು, ನಡುವೆ ಮಗ. ಅಂದಿನಿಂದ ಇಂದಿನವರೆಗೆ, ಸಿನಿಮಾದ ಮೊದಲ ದೃಶ್ಯವೂ ಸೇರಿದಂತೆ, ಎಲ್ಲರೂ ಹಿಂದಿರುಗುವುದು ಆ ದೀಪಸ್ತಂಭಕ್ಕೇ.

1960ರಲ್ಲಿ ಡಿಸಿಯ ಸೂಪರ್‌ಹೀರೋಗಳ ಕೂಟವಾದ ಜಸ್ಟಿಸ್ ಲೀಗ್ ತಂಡದ ಸ್ಥಾಪಕ ಸದಸ್ಯರಲ್ಲಿ ಅಕ್ವಾಮ್ಯಾನ್ ಒಬ್ಬನಾದ. 1962ರಲ್ಲಿ ಅವನ ಹೆಸರಿನ ಪುಸ್ತಕ, ಮೊಟ್ಟಮೊದಲ ‘ಸಂಚಿಕೆ 1’, ಹುಟ್ಟಿ ಇಪ್ಪತ್ತು ವರ್ಷದ ಮೇಲೆ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಹೆಂಡತಿ ಮೀರಾ, ವೈರಿಗಳಾದ ಓಷನ್ ಮಾಸ್ಟರ್ ಮತ್ತು ಬ್ಲ್ಯಾಕ್ ಮಾಂಟಾ ಎಲ್ಲರೂ ಬಂದು ಸೇರಿದರು.

ಗಡ್ಡ ಸುಟ್ಟಾಗ ಬಂದ ರಾಜ

ಅದೇ 1962ರಲ್ಲಿ ಎದುರು ಕಂಪನಿಯಾದ ಮಾರ್ವೆಲ್‌ನಲ್ಲಿ ನೇಮೋರ್ ಮರಳಿದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮರಳಿ ತರುವುದು ಎಂದರೇನು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉದಾಹರಣೆ ಇದು. ಬರಹಗಾರ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಇಬ್ಬರ, ನಾಲ್ವರು ಸೂಪರ್‌ಹೀರೋಗಳ ತಂಡದ ಕಥೆಯಾದ ‘ಫೆಂಟಾಸ್ಟಿಕ್ ಫೋರ್’ನ ನಾಲ್ಕನೆಯ ಸಂಚಿಕೆ.

ತಂಡದವರೊಡನೆ ಜಗಳವಾಡಿಕೊಂಡು ಓಡಿಬಂದ ಹುಡುಗ ಜಾನಿ ನ್ಯೂಯಾರ್ಕಿನ ಬವರಿ ಎಂಬ ಬಡ ಬೀದಿಯಲ್ಲಿ, ನಿರ್ಗತಿಕರು ಮಲಗುವ ಅಗ್ಗದ ವಸತಿಯೊಂದರಲ್ಲಿ ತಂಗುತ್ತಾನೆ. ಅಲ್ಲಿ ಅವನ ಕೈಗೆ ಹಳೆಯ ಕಾಮಿಕ್ಸ್ ಪುಸ್ತಕವೊಂದು ಸಿಗುತ್ತದೆ. ನೇಮೋರ್‌ನ ಪುಸ್ತಕ. ಓದುತ್ತಾ ಕೂತವನಿಗೆ ಅಲ್ಲಿಯೇ ಇರುವ ಗಡ್ಡದ ಮನುಷ್ಯನೊಬ್ಬನನ್ನು ತೋರಿಸುತ್ತಾರೆ: ತಾನು ಯಾರೆಂದೇ ಮರೆತವನು, ಆದರೆ ಮೈಯಲ್ಲಿ ಅಸಾಧ್ಯ ಬಲ. ಜಾನಿಗೆ ಮೈಯಲ್ಲಿ ಬೆಂಕಿ ಹೊತ್ತಿಸಿಕೊಳ್ಳುವ ಶಕ್ತಿಯಿದೆ. ಬೆರಳ ತುದಿಯ ಜ್ವಾಲೆಯಿಂದ, ಕ್ಷೌರಿಕನಷ್ಟು ಎಚ್ಚರದಿಂದ, ಆ ಗಡ್ಡವನ್ನು ಸುಟ್ಟು ತೆಗೆಯುತ್ತಾನೆ. ಕೆಳಗಿನಿಂದ ಪುಸ್ತಕದಲ್ಲಿದ್ದ ಮುಖವೇ ಹೊರಬರುತ್ತದೆ. ಹೊತ್ತೊಯ್ದು ಕಡಲಿಗೆ ಹಾಕಿದಾಗ ಅವನಿಗೆ ಎಲ್ಲವೂ ನೆನಪಾಗುತ್ತದೆ. ಈಜಿಕೊಂಡು ತನ್ನ ನಗರಕ್ಕೆ ಹೋಗಿ ನೋಡಿದರೆ ಅಲ್ಲಿ ಪಾಳು ಬಿದ್ದ ಗೋಡೆಗಳು. ಮನುಷ್ಯರ ಅಣ್ವಸ್ತ್ರ ಪರೀಕ್ಷೆ ಅದನ್ನು ಹಾಳುಗೆಡವಿದೆ.

ಈ ಕೆಲವು ಪುಟಗಳಲ್ಲಿ ಎಷ್ಟು ಕೆಲಸ ಒಟ್ಟಿಗೇ ಆಗಿದೆ ನೋಡಿ. ಪುಸ್ತಕ ನಿಂತುಹೋಗಿದ್ದ ವರ್ಷಗಳಿಗೆ ಕಾರಣ ಸಿಕ್ಕಿತು: ಅವನು ನೆನಪು ಕಳೆದುಕೊಂಡು ಅಲೆಯುತ್ತಿದ್ದ. ಹಳೆಯ ಓದುಗನಿಗೆ ಗುರುತು ಹತ್ತಿತು, ಹೊಸ ಓದುಗನಿಗೆ ಜಾನಿಯ ಕೈಯಲ್ಲಿದ್ದ ಪುಸ್ತಕವೇ ಪರಿಚಯ ಮಾಡಿಸಿತು. 1939ರ ಕೋಪಕ್ಕೆ ಅಣುಬಾಂಬಿನ ಕಾಲದ ಹೊಸ ಕಾರಣ ಒದಗಿತು. ಯಾವುದನ್ನೂ ಅಳಿಸಲಿಲ್ಲ, ಯಾವುದನ್ನೂ ಹಾಗೆಯೇ ಬಿಡಲೂ ಇಲ್ಲ. ಕಡಲ ರಾಜ ಎಚ್ಚರಗೊಂಡದ್ದು ದಡದ ಮೇಲೆ.

ಕಡಲಿನವನಿಗೇ ಯಾಕೆ ಇಷ್ಟು ಕಷ್ಟ?

ಬ್ಯಾಟ್‌ಮ್ಯಾನ್‌ನ ಪುಸ್ತಕ ಯಾವತ್ತೂ ನಿಲ್ಲಲಿಲ್ಲ. ಅಕ್ವಾಮ್ಯಾನ್‌ನದು ನಿಲ್ಲುತ್ತಲೇ ಇರುತ್ತದೆ. ಇದಕ್ಕೆ ಒಂದು ಕಾರಣ ಪರಿಸರ. ನಗರದ ಬೀದಿ ಓದುಗನಿಗೆ ಗೊತ್ತು. ಕಳ್ಳ ಬ್ಯಾಂಕಿಗೆ ನುಗ್ಗಿದರೆ ಏನು ಅಪಾಯ ಎಂದು ವಿವರಿಸಬೇಕಾಗಿಲ್ಲ. ಭೂಮಿಯ ಮೇಲ್ಮೈಯ ಶೇಕಡಾ 71ರಷ್ಟು ಕಡಲೇ ಆದರೂ ನಾಲ್ಕು ಸಾವಿರ ಮೀಟರ್ ಆಳದಲ್ಲಿ ಯಾರಿಗೆ ಏನು ಕಷ್ಟ ಬಂದೀತು ಎಂಬುದು ನಮ್ಮ ಕಣ್ಣಿಗೆ ಕಟ್ಟುವುದಿಲ್ಲ. ಪ್ರತಿ ಕಥೆಯಲ್ಲೂ ಒಂದು ದೇಶವನ್ನೇ ಕಟ್ಟಿ ತೋರಿಸಬೇಕು.

ಚಿತ್ರಕಾರನ ಕಷ್ಟ ಇನ್ನೊಂದು. ನೀರು ಬೆಳಕಿನ ಬಣ್ಣಗಳಲ್ಲಿ ಕೆಂಪನ್ನು ಮೊದಲು ಹೀರಿಕೊಳ್ಳುತ್ತದೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮಾಯ; ಇನ್ನೂರು ಮೀಟರ್ ದಾಟಿದರೆ ಮಬ್ಬು; ಸಾವಿರ ಮೀಟರ್ ಕೆಳಗೆ ಸೂರ್ಯನೆಂಬುದೇ ಇಲ್ಲ. ಅಕ್ವಾಮ್ಯಾನ್‌ನ ಕಿತ್ತಳೆ ಅಂಗಿ ನಿಜವಾದ ಕಡಲಿನಲ್ಲಿ ಕೊಳಕು ಬೂದಿಯಂತೆ ಕಂಡೀತು. ನಿಜಕ್ಕೆ ನಿಷ್ಠೆ ಇಟ್ಟರೆ ಪುಟವೆಲ್ಲ ಕಪ್ಪು, ಬಣ್ಣಕ್ಕೆ ನಿಷ್ಠೆ ಇಟ್ಟರೆ ಕಡಲು ಈಜುಕೊಳವಾಗುತ್ತದೆ. ಕೂದಲು ತೇಲಬೇಕು, ಬಟ್ಟೆ ಅಲೆಯಬೇಕು, ಕಾಲೂರಲು ನೆಲವಿಲ್ಲದೆ ಹೊಡೆದಾಟ ನಡೆಯಬೇಕು.

ಮೂರನೆಯದು ಟಿವಿ. 1973ರಲ್ಲಿ ಆರಂಭವಾದ ‘ಸೂಪರ್ ಫ್ರೆಂಡ್ಸ್’ ಎಂಬ ಮಕ್ಕಳ ಕಾರ್ಟೂನ್‌ನಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಜೊತೆ ಅಕ್ವಾಮ್ಯಾನ್ ಕೂಡ ಇದ್ದ. ಆಕಾಶದಲ್ಲೂ ನೆಲದ ಮೇಲೂ ನಡೆಯುವ ಕಥೆಯಲ್ಲಿ ಮೀನುಗಳನ್ನು ಕರೆಯಬಲ್ಲವನಿಗೆ ಏನು ಕೆಲಸ? ಅದರ ಮೇಲೆ ಹಳೆಯ ಕಾಮಿಕ್ಸ್‌ನ ಕಟ್ಟಳೆಯೊಂದಿತ್ತು: ಒಂದು ಗಂಟೆಗಿಂತ ಹೆಚ್ಚು ಹೊತ್ತು ನೀರಿನ ಸ್ಪರ್ಶವಿಲ್ಲದೆ ಅವನು ಬದುಕಲಾರ. ಒಂದು ಇಡೀ ಪೀಳಿಗೆಯ ಅಮೆರಿಕನ್ನರಿಗೆ ಅವನು ತಮಾಷೆಯ ವಸ್ತುವಾದ. ಪುಸ್ತಕಗಳು ಅವನನ್ನು ಎಷ್ಟೇ ಗಂಭೀರವಾಗಿ ನಡೆಸಿಕೊಂಡರೂ ಟಿವಿ ಮೂಡಿಸಿದ ಆ ಚಿತ್ರ ಅಳಿಯಲಿಲ್ಲ. ಅದೂ ಎಂತಹ ಪಾತ್ರ! 1977ರ ಕಥೆಯೊಂದರಲ್ಲಿ ಬ್ಲ್ಯಾಕ್ ಮಾಂಟಾ ಅವನ ಎಳೆಯ ಮಗನನ್ನೇ ಕೊಲ್ಲುತ್ತಾನೆ. ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಸತ್ತವರು ಎದ್ದು ಬರುವುದು ಮಾಮೂಲು, ಆದರೆ ಆ ಮಗುವಿನ ಸಾವು ಮುಂದಿನ ಕಥೆಗಳ ಮೇಲೂ ನೆರಳಾಗಿ ಉಳಿಯಿತು.

ಬಟ್ಟೆ ಬದಲಿಸಿದರು, ಕೈ ಕತ್ತರಿಸಿದರು, ಊರನ್ನೇ ಮುಳುಗಿಸಿದರು

1986ರಲ್ಲಿ ನೀಲ್ ಪೋಜ್ನರ್ ಮತ್ತು ಕ್ರೇಗ್ ಹ್ಯಾಮಿಲ್ಟನ್ ನಾಲ್ಕು ಸಂಚಿಕೆಗಳ ಕಿರುಮಾಲಿಕೆಯಲ್ಲಿ ಕಿತ್ತಳೆ ಅಂಗಿ ತೆಗೆದು, ಅಲೆಗಳ ನಡುವೆ ಕರಗಿಹೋಗುವಂಥ ನೀಲಿ ಉಡುಪು ತೊಡಿಸಿದರು. ಚಿತ್ರಗಳು ಇಂದಿಗೂ ಕಣ್ಣಿಗೆ ಹಬ್ಬ. ಉಡುಪು ಮಾತ್ರ ಬಹುಕಾಲ ಬಾಳಲಿಲ್ಲ.

1994ರಲ್ಲಿ ಪೀಟರ್ ಡೇವಿಡ್ ಕಟುವಾದ ದಾರಿ ಹಿಡಿದರು. ಹೊಸ ಮಾಲಿಕೆಯ ಎರಡನೆಯ ಸಂಚಿಕೆಯಲ್ಲೇ ವೈರಿಯೊಬ್ಬ ಅಕ್ವಾಮ್ಯಾನ್‌ನ ಎಡಗೈಯನ್ನು ಪಿರಾನಾ ಮೀನುಗಳಿಗೆ ಒಡ್ಡುತ್ತಾನೆ. ಯಾವ ಜೀವಿಗಳ ಒಡೆಯನೆಂದು ಅವನನ್ನು ಜನ ಗೇಲಿ ಮಾಡುತ್ತಿದ್ದರೋ ಅವೇ ಅವನ ಕೈ ತಿನ್ನುತ್ತವೆ. ಆ ಜಾಗಕ್ಕೆ ಈಟಿಯ ಮೊನೆ ಬರುತ್ತದೆ; ಜೊತೆಗೆ ಉದ್ದ ಕೂದಲು, ಗಡ್ಡ. ಈ ರೂಪದಲ್ಲಿ ಪುಸ್ತಕ 75 ಸಂಚಿಕೆ ದಾಟಿ 2001ರವರೆಗೆ ನಡೆಯಿತು. ಸಿನಿಮಾದ ಗಡ್ಡಧಾರಿ ಅಕ್ವಾಮ್ಯಾನ್ ನೋಡಿದವರಿಗೆ ಆ ಮುಖ ಪರಿಚಿತವೆನಿಸೀತು.

2003ರ ಮಾಲಿಕೆಯಲ್ಲಿ ಮರುವರ್ಷ ವಿಲ್ ಫೈಫರ್ ಮತ್ತು ಪ್ಯಾಟ್ರಿಕ್ ಗ್ಲೀಸನ್ ಇನ್ನೊಂದೇ ಉಪಾಯ ಹೂಡಿದರು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದ ಒಂದು ಭಾಗ ಕಡಲಲ್ಲಿ ಮುಳುಗುತ್ತದೆ. ಬದುಕುಳಿದವರು ಈಗ ನೀರಿನಲ್ಲಿ ಮಾತ್ರ ಉಸಿರಾಡಬಲ್ಲರು. ರಸ್ತೆಗಳಿವೆ, ಮನೆಗಳಿವೆ, ಆದರೆ ಮೇಲೆ ಬಂದರೆ ಸಾವು. ಓದುಗನಿಗೆ ಕಡಲು ಅಪರಿಚಿತ ಎಂಬ ಹಳೆಯ ತೊಡಕನ್ನು ಓದುಗನ ಊರನ್ನೇ ನೀರಿಗಿಳಿಸಿ ಬಗೆಹರಿಸಿದ್ದು ಎಂಥ ಜಾಣ್ಮೆ!

ಮೀನಿನ ಊಟ

2011ರಲ್ಲಿ ಡಿಸಿ ಕಾಮಿಕ್ಸ್ ತನ್ನ ಸೂಪರ್‌ಹೀರೋ ಪುಸ್ತಕಗಳನ್ನೆಲ್ಲ ನಿಲ್ಲಿಸಿ 52 ಮಾಲಿಕೆಗಳನ್ನು ಒಂದನೇ ಸಂಚಿಕೆಯಿಂದ ಹೊಸದಾಗಿ ಶುರುಮಾಡಿತು. ಮನೆ ಕೆಡವಿ ಕಟ್ಟುವ ಕೆಲಸ, ಅದೂ ಇಡೀ ಬಡಾವಣೆಯದ್ದು. ಅಕ್ವಾಮ್ಯಾನ್ ಸಿಕ್ಕಿದ್ದು ಬರಹಗಾರ ಜೆಫ್ ಜಾನ್ಸ್ ಮತ್ತು ಚಿತ್ರಕಾರ ಐವನ್ ರೈಸ್ ಕೈಗೆ.

ಜಾನ್ಸ್ ಗೇಲಿಯನ್ನು ಮರೆಮಾಚಲಿಲ್ಲ, ಕಥೆಯೊಳಗೇ ಕರೆತಂದರು. ಮೊದಲ ಸಂಚಿಕೆಯಲ್ಲಿ ಅಕ್ವಾಮ್ಯಾನ್ ದರೋಡೆಕೋರರ ವಾಹನವನ್ನು ತಡೆದು ನಿಲ್ಲಿಸುತ್ತಾನೆ. ಪೊಲೀಸರು ಅವನಿಗೆ ಕುಡಿಯಲು ನೀರು ಬೇಕೇ ಎಂದು ಕಿಚಾಯಿಸುತ್ತಾರೆ. ಮುಂದೆ ಅವನು ಒಂದು ಹೋಟೆಲಿಗೆ ಹೋಗಿ ಕೂರುತ್ತಾನೆ. ತಂದೆ ಅವನನ್ನು ಕರೆದೊಯ್ಯುತ್ತಿದ್ದ ಜಾಗ. ಅವನು ಮೀನು ಕೇಳುತ್ತಾನೆ. ಸುತ್ತಲಿನವರು ಬೆರಗಾಗುತ್ತಾರೆ: ಮೀನಿನೊಂದಿಗೆ ಮಾತಾಡುವವನು ಮೀನು ತಿನ್ನುವುದುಂಟೇ? ಮೀನಿನ ಮಿದುಳು ಮಾತುಕತೆಗೆ ಸಾಲದು, ತಾನು ಅವುಗಳ ಮನಸ್ಸನ್ನು ತಳ್ಳುತ್ತೇನೆ ಅಷ್ಟೇ, ಎಂದು ಅವನು ತಾಳ್ಮೆಯಿಂದ ವಿವರಿಸುತ್ತಾನೆ. ಪಕ್ಕದಲ್ಲಿ ಬಂದು ಕೂತ ಬ್ಲಾಗ್ ಬರಹಗಾರನೊಬ್ಬ, ಯಾರಿಗೂ ಮೆಚ್ಚಿನವನಲ್ಲದ ಸೂಪರ್‌ಹೀರೋ ಆಗಿರುವುದು ಹೇಗನಿಸುತ್ತದೆ ಎಂದು ಮುಖಕ್ಕೇ ಕೇಳುತ್ತಾನೆ. ಅಕ್ವಾಮ್ಯಾನ್ ಎದ್ದು, ಬಡಿಸಿದವಳಿಗೆ ಹಳೆಯ ಚಿನ್ನದ ನಾಣ್ಯಗಳನ್ನಿಟ್ಟು ಹೊರಡುತ್ತಾನೆ. ಊಟ ಹಾಗೆಯೇ ಉಳಿಯುತ್ತದೆ.

ಈ ದೃಶ್ಯ ನಡೆಯುವುದು ನೀರಿನಲ್ಲಲ್ಲ, ನೆಲದ ಮೇಲಿನ ಊಟದ ಮೇಜಿನಲ್ಲಿ. ಮೇಲೆ ಹೇಳಿದ ಬೇರೆ ಮರಳುವಿಕೆಗಳ ಜೊತೆ ಇದನ್ನು ಇಟ್ಟು ನೋಡಿ. ನೇಮೋರ್ ಸಿಕ್ಕಿದ್ದು ಬವರಿಯ ಬೀದಿಯಲ್ಲಿ, ಆರ್ಥರ್ ಹುಟ್ಟಿದ್ದು ದೀಪಸ್ತಂಭದಲ್ಲಿ, ಮುಳುಗಿದ್ದು ಕರಾವಳಿಯ ನಗರ. 2018ರ ಡಿಸೆಂಬರ್‌ನಲ್ಲಿ, ಸಿನಿಮಾ ಬಂದ ತಿಂಗಳಲ್ಲೇ, ಕೆಲ್ಲಿ ಸ್ಯೂ ಡಿಕಾನಿಕ್ ಪುಸ್ತಕವನ್ನು ಕೈಗೆತ್ತಿಕೊಂಡಾಗಲೂ ಅಕ್ವಾಮ್ಯಾನ್ ನೆನಪಿಲ್ಲದವನಾಗಿ ಒಂದು ಕರಾವಳಿ ಹಳ್ಳಿಯ ದಡಕ್ಕೆ ಬಂದು ಬಿದ್ದಿರುತ್ತಾನೆ. ಕಡಲ ನಾಯಕನನ್ನು ಕಡಲಾಳದಿಂದ ಎಬ್ಬಿಸಿದವರಿಗಿಂತ ದಡದಲ್ಲಿ ನಿಲ್ಲಿಸಿದವರಿಗೆ ಹೆಚ್ಚು ಗೆಲುವು ಸಿಕ್ಕಿದೆ ಎಂಬುದು ನಾನು ಓದಿದ್ದರಿಂದ ಕಂಡುಕೊಂಡದ್ದು. ಆಳದಲ್ಲಿ ಅವನು ಎಲ್ಲರಂತೆ ಒಬ್ಬ ರಾಜ. ದಡದಲ್ಲಿ ಮಾತ್ರ ಅವನು ಎರಡೂ ಕಡೆಯವನು, ಎರಡೂ ಕಡೆಗೆ ಪರಕೀಯ.

ಅಂಗಡಿಯ ಲೆಕ್ಕ

ಇಷ್ಟು ಕಲೆಯ ಮಾತು. ‘ಸಂಚಿಕೆ 1’ ಮತ್ತೆ ಮತ್ತೆ ಬರುವುದಕ್ಕೆ ವ್ಯಾಪಾರದ ಕಾರಣವೂ ಇದೆ. ಹಿಂದೆ ಅಮೆರಿಕದಲ್ಲಿ ಕಾಮಿಕ್ಸ್ ನಮ್ಮ ವಾರಪತ್ರಿಕೆಗಳಂತೆ ಬೀದಿಯ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಮಾರದೆ ಉಳಿದದ್ದನ್ನು ವಾಪಸ್ ಮಾಡಬಹುದಿತ್ತು. 1970ರ ದಶಕದಲ್ಲಿ ಫಿಲ್ ಸ್ಯೂಲಿಂಗ್ ಎಂಬ ಶಾಲಾ ಮೇಷ್ಟ್ರು ಹೊಸ ವ್ಯವಸ್ಥೆಯೊಂದನ್ನು ಶುರುಮಾಡಿದರು. ಕಾಮಿಕ್ಸ್‌ಗೆಂದೇ ಇರುವ ಅಂಗಡಿಗಳು ಹೆಚ್ಚಿನ ರಿಯಾಯಿತಿಗೆ ಪುಸ್ತಕ ಕೊಳ್ಳುತ್ತವೆ, ಆದರೆ ಉಳಿದದ್ದನ್ನು ಹಿಂದಿರುಗಿಸುವಂತಿಲ್ಲ. ಇದಕ್ಕೆ ‘ಡೈರೆಕ್ಟ್ ಮಾರ್ಕೆಟ್’ ಎಂದು ಹೆಸರು.

ಹಾಗಾಗಿ ಅಂಗಡಿಯವನು ಪುಸ್ತಕ ಅಚ್ಚಾಗುವ ಮೊದಲೇ, ಒಂದು ಪುಟವನ್ನೂ ಓದದೆ, ಎಷ್ಟು ಪ್ರತಿ ಬೇಕೆಂದು ಹೇಳಬೇಕು. ತಪ್ಪಿದರೆ ನಷ್ಟ ಅವನದೇ. 37ನೇ ಸಂಚಿಕೆಯನ್ನು ಹೊಸ ಗಿರಾಕಿ ಎತ್ತಿಕೊಳ್ಳುವುದಿಲ್ಲ. ಹಿಂದಿನ 36 ಓದಿಲ್ಲವಲ್ಲ ಎಂಬ ಅಳುಕು. ಒಂದನೇ ಸಂಚಿಕೆಗೆ ಆ ಅಳುಕಿಲ್ಲ. ಸಂಗ್ರಹಕಾರರೂ ಅದನ್ನೇ ಕೊಳ್ಳುತ್ತಾರೆ. ಅದಕ್ಕೆಂದೇ ಒಂದೇ ಸಂಚಿಕೆಗೆ ಬೇರೆ ಬೇರೆ ಮುಖಪುಟಗಳನ್ನು ಅಚ್ಚು ಹಾಕುತ್ತಾರೆ. ಎರಡನೇ ತಿಂಗಳಿಂದ ಮಾರಾಟ ಇಳಿಯತೊಡಗುವುದು ಈ ವ್ಯಾಪಾರದಲ್ಲಿ ಎಲ್ಲರೂ ನಿರೀಕ್ಷಿಸುವ ಸಂಗತಿ. ಬಹಳ ಇಳಿದರೆ ಮಾಲಿಕೆ ನಿಲ್ಲುತ್ತದೆ. ಕೆಲ ವರ್ಷಗಳ ಬಳಿಕ ಇನ್ನೊಂದು ಒಂದನೇ ಸಂಚಿಕೆ.

ಕಂಪನಿಗೆ ಪುಸ್ತಕದ ಲಾಭವೊಂದೇ ಮುಖ್ಯವಲ್ಲ. ಟ್ರೇಡ್‌ಮಾರ್ಕ್ ಎಂಬುದು ಬಳಕೆಯಲ್ಲಿದ್ದರೆ ಮಾತ್ರ ಗಟ್ಟಿಯಾಗಿ ಉಳಿಯುವ ಹಕ್ಕು. ಸಿನಿಮಾ, ಗೊಂಬೆ, ಟಿ-ಶರ್ಟ್ ಎಲ್ಲಕ್ಕೂ ಬೇರು ಆ ಹೆಸರು.

2025ರ ಪುಸ್ತಕ, ಮತ್ತು ಓದುವ ದಾರಿ

ಜೆರೆಮಿ ಆ್ಯಡಮ್ಸ್ ಮತ್ತು ಜಾನ್ ಟಿಮ್ಸ್ ಅವರದು ಮನೆ ಕೆಡವುವ ಕೆಲಸವಲ್ಲ, ಬೋರ್ಡು ಬದಲಿಸುವ ಬಗೆಯದು. 2024ರ ಅಕ್ಟೋಬರ್‌ನಿಂದ ಡಿಸಿ ‘ಆಲ್ ಇನ್’ ಎಂಬ ಹೆಸರಿನಡಿ ಹೊಸ ಓದುಗರು ಒಳಬರಲು ಅನುಕೂಲವಾಗುವಂತೆ ಹಲವು ಪುಸ್ತಕಗಳನ್ನು ಸಜ್ಜುಗೊಳಿಸಿತು. ಇದೂ ಅದರ ಭಾಗ. ಆರ್ಥರ್ ಅದೇ ಆರ್ಥರ್, ಮೀರಾ ಅವನ ಜೊತೆಗಿದ್ದಾಳೆ. ಬದಲಾದದ್ದು ಶಕ್ತಿ: ಈಗ ಅವನು ನೀರನ್ನೇ ತನ್ನ ಇಚ್ಛೆಯಂತೆ ಬಾಗಿಸಬಲ್ಲ. ಮೀನು ಕರೆಯುವವನೆಂಬ ಹಳೆಯ ಹಾಸ್ಯಕ್ಕೆ ಇದು ಮತ್ತೊಂದು ಉತ್ತರ.

ಹೊಸಬರು ಇದರಿಂದಲೇ ಓದಲು ಆರಂಭಿಸಬಹುದು, ಹಿಂದಿನ ನೂರಾರು ಕಥೆ ತಿಳಿದಿರಬೇಕಾಗಿಲ್ಲ. ಒಂದೇ ಒಂದು ಹಳೆಯ ಪುಸ್ತಕಕ್ಕೆ ಸಮಯವಿದ್ದರೆ 2011ರ ಜಾನ್ಸ್ ಸಂಪುಟ. ಸಿನಿಮಾ ಬಹಳಷ್ಟನ್ನು ಎತ್ತಿಕೊಂಡದ್ದು ಅಲ್ಲಿಂದ. ಚಿತ್ರಕಲೆಯಲ್ಲಿ ಆಸಕ್ತಿ ಇರುವವರು 1986ರ ನಾಲ್ಕು ಸಂಚಿಕೆಗಳನ್ನು ಹುಡುಕಬೇಕು. ಇವು ಯಾವುದೂ ಬೇಡ, ಹತ್ತು ನಿಮಿಷ ಮಾತ್ರ ಇದೆ ಎನ್ನುವವರಿಗೆ 1959ರ ಆ ಚಿಕ್ಕ ಕಥೆ ಸಾಕು. ಅದರಲ್ಲಿ ರಮೋನಾ ಫ್ರಾಡನ್ ಎಳೆದ ಸರಳ ಗೆರೆಗಳಿವೆ, ಒಂದು ಬಿರುಗಾಳಿ ಇದೆ, ದೀಪ ಉರಿಸಿ ಕಾಯುವ ಒಬ್ಬ ಕಾವಲುಗಾರನಿದ್ದಾನೆ.